ಆಲಿಕಲ್ಲು ಕೊಟ್ಟ ಉತ್ತರ

"ಜೋರ್ ಗಾಳಿ ಬಂದ್ರ ಇದು ಹಾರಿ ಹೋಗೂದಿಲ್ಲೇನು, ಕೇಳವಾ," ಎಂದರು ಅತ್ತೆ. ಪರದೇಶದಲ್ಲಿ ನಾವಿರುವ ಅಲೆನ್ ಊರಿನಾಚೆ, ಮಾದರಿಗೆಂದು ನಿಲ್ಲಿಸಿದ್ದ ಉಕ್ಕಿನ ಕಟ್ಟಡವೊಂದರೊಳಗೆ ನಾವು ನಿಂತಿದ್ದೆವು. ಧಾರವಾಡದ ನಮ್ಮ ಅತ್ತೆಯ ಜೋಳದ ರೊಟ್ಟಿ ವ್ಯಾಪಾರಕ್ಕೆ ಬಾಡಿಗೆಯ ಅಡುಗೆಮನೆ ಸಾಲುತ್ತಿರಲಿಲ್ಲ. ಫ್ಯಾಕ್ಟರಿಯಲ್ಲೇ ತಯಾರಾಗಿ ಬರುವ ಇಂಥ ಕಟ್ಟಡ ಕೊಳ್ಳುವ ಯೋಚನೆಯಿತ್ತು. ಅದು ಕೈಕೊಟ್ಟರೆ ವ್ಯಾಪಾರವೇ ಮುಗಿದಂತೆ.

ಅತ್ತೆಯ ಪ್ರಶ್ನೆಯನ್ನು ಮಾರಾಟದ ಮಹಿಳೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲುಗಳು ಬೀಳತೊಡಗಿದವು. ಆಕೆ ನಿಲ್ಲಿಸದೆ ವಿವರಿಸುತ್ತಲೇ ಇದ್ದರು; ಉಕ್ಕಿನ ಚಾವಣಿಯ ಸದ್ದಿನಲ್ಲಿ ನಮಗೆ ತುಟಿ ಅಲುಗಾಡುವುದು ಮಾತ್ರ ಕಾಣುತ್ತಿತ್ತು. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದು ಚಾವಣಿಯನ್ನೇ ನೋಡುತ್ತಿದ್ದರು.

ಆಲಿಕಲ್ಲು ಮಳೆ ನಿಂತ ಮೇಲೆ ಮಾರಾಟದ ಮಹಿಳೆ, "ಒಳಗೆ ಇನ್ಸುಲೇಷನ್ ಪದರ ಹಾಕಿಸದಿದ್ದರೆ ಶಬ್ದ ಇಷ್ಟು ಜೋರಾಗಿಯೇ ಇರುತ್ತದೆ, ಸೆಕೆಯೂ ಆಗುತ್ತದೆ," ಎಂದರು. ಹೊರಗೆ ಬಂದು ನೋಡಿದೆವು. ಕಟ್ಟಡಕ್ಕೆ ಏನೂ ಆಗಿರಲಿಲ್ಲ. ನಮ್ಮ ಹೊಸ ಕಾರಿನ ಮೈಯೆಲ್ಲ ತಗ್ಗು ಬಿದ್ದು, ಗಾಜು ಒಡೆದಿತ್ತು. ಅತ್ತೆ ಅದರ ಸುತ್ತ ಒಮ್ಮೆ ನಡೆದು ಬಂದು, "ಕಾರೂ ಇವರ ಕಡೇನ ತಗೋಬೇಕಾಗಿತ್ತು," ಎಂದರು.

ಇನ್ಸುಲೇಷನ್ ಹಾಕಿಸಿ ಅಂಥದೇ ಕಟ್ಟಡ ಕೊಂಡೆವು. ಇದು ಗಟ್ಟಿಯೇ ಎಂದು ಯಾರಾದರೂ ಕೇಳಿದರೆ ಅತ್ತೆ ಉತ್ತರ ಕೊಡುವುದಿಲ್ಲ. ಹೊರಗೆ ಕರೆದುಕೊಂಡು ಹೋಗಿ, ಇನ್ನೂ ತಗ್ಗು ತೆಗೆಸದ ನಮ್ಮ ಕಾರು ತೋರಿಸುತ್ತಾರೆ.