ಕಾಕಾನ ಮೊದಲ ಪೆಂಟಿ

ಗಾಣಕ್ಕೆ ಎಂಜಿನ್ ಬರುವ ಮೊದಲಿನ ಮಾತಿದು. ಆಗ ಕುಲಗೋಡದ ಸುತ್ತಿನ ತೋಟಗಳಲ್ಲಿ ಎತ್ತುಗಳೇ ಸುತ್ತು ತಿರುಗಿ ಕಬ್ಬು ಅರೆಯುತ್ತಿದ್ದವು. ಚಳಿ ಬಿತ್ತೆಂದರೆ ಊರಿಗೆ ಊರೇ ಬೆಲ್ಲದ ವಾಸನೆ. ಅದನ್ನು ನೆನೆದು ಬಾಯಲ್ಲಿ ನೀರೂರಿಸಿಕೊಳ್ಳುವವರು ನಮ್ಮ ವಾರಿಗೆಯಲ್ಲಿ ಬಹಳ ಮಂದಿ ಇದ್ದಾರೆ. ನನ್ನ ಬಾಯಲ್ಲೂ ನೀರು ಬರುತ್ತದೆ. ಆದರೆ ಅದು ವಾಂತಿಗೆ ಮುಂಚೆ ಬರುವ ನೀರು.

ಅಪ್ಪ ತೀರಿಕೊಂಡ ಮೇಲೆ ಅವ್ವ, ನೀಲಕ್ಕ ಮತ್ತು ನಾನು ಕಾಕಾನ ಆಸರೆಯಲ್ಲಿ ಬೆಳೆದೆವು. ಕಾಕಾ ಅಂದರೆ ಅಪ್ಪನ ತಮ್ಮ. ಕಾಕಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮನೆಯ ಒಲೆ ಅವ್ವನದು, ಹೊಲ ತೋಟ ಎಲ್ಲ ಕಾಕಾನದು. ಊಟಕ್ಕೆ ಕೂತಾಗ ಮೊದಲ ತುತ್ತು ಎತ್ತುವ ಮುಂಚೆ ಅವ್ವ ನಮ್ಮ ಕೈ ತಡೆದು, ಕಾಕಾನ ಹೊಟ್ಟೆ ತಣ್ಣಗಿರಲಿ ಎಂದು ಹೇಳಿಸುತ್ತಿದ್ದಳು. ರೊಟ್ಟಿ ಆರಿ ಹೋದರೂ ಸರಿ, ಅದನ್ನು ಹೇಳದೆ ಊಟವಿಲ್ಲ. ನಾನು ಖುಷಿಯಿಂದಲೇ ಹೇಳುತ್ತಿದ್ದೆ. ಕಾಕಾನ ಮೇಲೆ ನನಗೆ ಅಷ್ಟು ಜೀವವಿತ್ತು.

ಜೀವ ಇಟ್ಟದ್ದು ಅವನು ಉಣ್ಣಿಸಿದ ಅನ್ನಕ್ಕಲ್ಲ, ಅವನ ಕಂಠಕ್ಕೆ. ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ ನಡೆಯುತ್ತಿತ್ತು. ಏಕತಾರಿ ಹಿಡಿದು ಕಾಕಾ ಕಣ್ಣು ಮುಚ್ಚಿದನೆಂದರೆ ಗಜಗದಾಟ ಬಿಟ್ಟು ಓಡಿ ಬಂದು ಅವನ ಮಗ್ಗುಲಿಗೆ ಕೂಡುತ್ತಿದ್ದೆ. ಮೈ ತೊಳೆಯುವುದಲ್ಲ ಮನ ತೊಳೆಯಬೇಕು ಎಂಬ ಅರ್ಥದ ಒಂದು ಪದ ಅವನಿಗೆ ಬಹಳ ಪ್ರೀತಿ, ಅದಕ್ಕೇ ನನಗೂ ಪ್ರೀತಿ. ಎರಡನೆಯ ನುಡಿಯಲ್ಲಿ ದನಿ ಒಮ್ಮೆಲೇ ಇಳಿಸಿ, ಬಾವಿಯ ತಳದಿಂದ ನೀರು ಸೇದಿದ ಹಾಗೆ ಮೇಲೆ ತರುತ್ತಿದ್ದ. ಆಗ ನನ್ನ ತೋಳಿನ ಮೇಲೆ ಮುಳ್ಳು ಏಳುತ್ತಿದ್ದವು.

ಆ ಚಳಿಗಾಲದಲ್ಲಿ ನೀಲಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆರಿಗೆ ಬಹಳ ಕಷ್ಟವಾಯಿತು. ಮುಖ ಬಿಳಿಚಿಕೊಂಡು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು, ಕೂಸಿಗೆ ಸಾಲುವಷ್ಟು ಹಾಲಿರಲಿಲ್ಲ. ಅಂಟಿನ ಉಂಡೆ ತಿನ್ನಿಸಿದರೆ ಕಸುವು ಬರುತ್ತದೆಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಅವ್ವ ಅಂಟು, ಉತ್ತತ್ತಿ, ಗಸಗಸೆ, ಒಣಕೊಬ್ಬರಿ ಎಲ್ಲ ಕೂಡಿಸಿಟ್ಟಿದ್ದಳು. ಬೆಲ್ಲವೊಂದೇ ಬಾಕಿ. ನೀಲವ್ವಗ ಈ ವರ್ಷದ ಮೊದಲ ಪೆಂಟಿ ನಂದ, ಅಂಗಡಿ ಬೆಲ್ಲ ಮನಿಗಿ ತರಬ್ಯಾಡ್ರಿ ಎಂದು ಕಾಕಾ ಅಪ್ಪಣೆ ಮಾಡಿದ್ದ. ಪೆಂಟಿಯೆಂದರೆ ಅರಿವೆ ಹಾಸಿದ ಕುಣಿಗೆ ಪಾಕ ಸುರಿದು ಎತ್ತಿದ ಬೆಲ್ಲದ ದೊಡ್ಡ ಗಡ್ಡೆ.

ಗಾಣ ಹೂಡಿದ ದಿನ ಮಧ್ಯಾಹ್ನ ನಾನು ಬುತ್ತಿ ಹೊತ್ತು ಹೋದೆ. ಆಳುಗಳು ಬಾವಿಯ ಕಡೆ ಊಟಕ್ಕೆ ಹೋಗಿದ್ದರು. ಕೊಪ್ಪರಿಗೆಯ ಮುಂದೆ ಕಾಕಾ ಒಬ್ಬನೇ ನಿಂತು ಉದ್ದನೆಯ ಜಾಲರಿ ಸೌಟಿನಿಂದ ನೊರೆ ತೆಗೆಯುತ್ತ ಹಾಡುತ್ತಿದ್ದ. ಅದೇ ಪದ. ಕೇಳುತ್ತ ನಿಲ್ಲಬೇಕೆಂದು, ಉರುವಲಿಗೆ ಇಟ್ಟಿದ್ದ ಹೋದ ವರ್ಷದ ಕಬ್ಬಿನ ಸಿಪ್ಪೆಯ ಬಣವೆಯ ಮರೆಗೆ ನಿಂತೆ.

ಸಿಪ್ಪೆಯ ರಾಶಿಯಲ್ಲಿ ಇಲಿಗಳು ಮನೆ ಮಾಡಿರುತ್ತಿದ್ದವು. ಅವುಗಳಲ್ಲೊಂದು ಕೊಪ್ಪರಿಗೆಯ ಮೇಲಿನ ಚಪ್ಪರದ ಗಳ ಹಿಡಿದು ಓಡಿ ಬಂತು. ದೊಡ್ಡದು, ಬೆನ್ನ ಮೇಲೆ ಕೂದಲು ಉದುರಿ ಹುಣ್ಣಾದದ್ದು. ಹಬೆ ತಾಗಿತೋ ಏನೋ, ಕಾಲು ಜಾರಿ ಕುದಿಯುವ ರಸಕ್ಕೆ ಬಿತ್ತು. ಚೀರಲೂ ಇಲ್ಲ. ನೊರೆಯೊಳಗೆ ಒಮ್ಮೆ ಮುಳುಗಿ ಎದ್ದಾಗ ಉಬ್ಬಿ, ತೊಗಲು ಬಿಟ್ಟುಕೊಂಡಿತ್ತು.

ಕಾಕಾ ಬಾವಿಯ ಕಡೆ ನೋಡಿದ, ದಾರಿಯ ಕಡೆ ನೋಡಿದ. ಸೌಟಿನಿಂದ ಅದನ್ನು ಎತ್ತಿ ಒಲೆಯ ಬಾಯಿಗೆ ಒಗೆದ. ಸೌಟಿಗೆ ಅಂಟಿದ್ದನ್ನು ಕೊಪ್ಪರಿಗೆಯ ಅಂಚಿಗೆ ಬಡಿದು ಉದುರಿಸಿ, ಅದೇ ಸೌಟನ್ನು ಮತ್ತೆ ರಸದಲ್ಲಿ ಆಡಿಸಿದ. ಇದೆಲ್ಲ ಆಗುವಾಗ ಹಾಡು ನಿಂತಿರಲಿಲ್ಲ. ನಾನು ಇಂದಿಗೂ ಹೇಸುವುದು ಇಲಿಗಲ್ಲ. ಅವನು ಎರಡನೆಯ ನುಡಿಯಲ್ಲಿದ್ದ. ದನಿ ಇಳಿಸಿದ, ಮತ್ತೆ ಬಾವಿಯ ತಳದಿಂದ ಮೇಲೆ ತಂದ, ಎಲ್ಲಿಯೂ ತಪ್ಪಲಿಲ್ಲ. ಒಲೆಯಿಂದ ಸುಟ್ಟ ಕೂದಲಿನ ನಾತ ಎದ್ದು ಬೆಲ್ಲದ ಘಮದಲ್ಲಿ ಬೆರೆಯಿತು.

ಬುತ್ತಿಯ ಗಂಟು ಕೈಯಿಂದ ಜಾರಿದಾಗ ಅವನು ತಿರುಗಿ ನೋಡಿದ. ಸಿಟ್ಟಾಗಲಿಲ್ಲ. ಹತ್ತಿರ ಕರೆದು ತಲೆ ಸವರಿದ.

"ಒಂದು ಕೊಪ್ಪರಿಗಿ ಅಂದ್ರ ವರ್ಷದ ದುಡಿಮಿ, ಗಂಗೂ. ಚೆಲ್ಲಿದ್ರ ನೀವೆಲ್ಲಾ ಏನ್ ಉಣ್ಣತೀರಿ? ನೀ ಏನೂ ನೋಡಿಲ್ಲ."

ಆಮೇಲೆ ಕಬ್ಬಿನ ತುಂಡೊಂದನ್ನು ಪಾಕದಲ್ಲಿ ಅದ್ದಿ, ಬಂಗಾರದ ಬಣ್ಣದ ಎಳೆ ಇಳಿಯುತ್ತಿದ್ದ ಹಾಗೇ ನನ್ನ ಕೈಗೆ ಕೊಟ್ಟ. ಬೇರೆ ದಿನಗಳಲ್ಲಿ ಅದಕ್ಕಾಗಿ ನಾನು ಜಗಳ ಮಾಡಿ ಅಳುತ್ತಿದ್ದೆ. ಅಂದು ಅವನ ಕಣ್ಣೆದುರಿಗೆ ತುಟಿಗೆ ಮುಟ್ಟಿಸಿದೆ, ಬೇಲಿ ದಾಟಿದ ಮೇಲೆ ಒಗೆದು ಲಂಗದಿಂದ ತುಟಿ ತಿಕ್ಕಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ ತುಟಿ ಒಡೆದು ರಕ್ತ ಬಂದಿತ್ತು.

ಮರುದಿನ ಪೆಂಟಿ ಮನೆಗೆ ಬಂತು. ಕಾಕಾ ತಾನೇ ಹೆಗಲ ಮೇಲೆ ಹೊತ್ತು ತಂದು, ನೀಲಕ್ಕನ ಕೋಣೆಯ ಬಾಗಿಲಲ್ಲಿ ಇಳಿಸಿ, ಒಳಗೆ ಕಾಲಿಡದೆ ಹೊರಗಿನಿಂದಲೇ, ಇದನ್ನ ತಿಂದು ಎದ್ದು ಓಡ್ಯಾಡಬೇಕು ನೋಡವಾ ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ ಎಂಬುದೇ ನನಗೆ ಇನ್ನೂ ಅರಗದ ಮಾತು. ಉಳಿದ ಪೆಂಟಿಗಳು ಬಂಡಿ ಏರಿ ಗೋಕಾಕದ ಪೇಟೆಗೆ ಹೋದವು. ಒಂದು ಭಜನೆಯವರಿಗೆ ಹಂಚಲು ಉಳಿಯಿತು.

ಅವ್ವ ಒರಳಿನ ಮುಂದೆ ಕೂತು ಬೆಲ್ಲ ಜಜ್ಜಲು ಗುಂಡುಕಲ್ಲು ಎತ್ತಿದ್ದಳು. ನಾನು ಅವಳ ಕಿವಿಯಲ್ಲಿ ಎಲ್ಲ ಹೇಳಿದೆ. ಕಲ್ಲು ಮೆಲ್ಲಗೆ ಕೆಳಗಿಳಿಯಿತು. 

"ಮತ್ಯಾರಿಗರ ಹೇಳೀಯೇನ?"

"ಯಾರಿಗೂ ಇಲ್ಲ. ಅಕ್ಕಗ ಇದನ್ನ ಕೊಡಬ್ಯಾಡ ಬೇ."

"ಕೊಡೂದಿಲ್ಲ. ಆದ್ರ ಬೆಲ್ಲ ಮನ್ಯಾಗ ಕರಗಬೇಕಲ್ಲ. ಅಂವ ದಿನಾ ನೋಡತಾನ."

ತಿಪ್ಪೆಗೆ ಚೆಲ್ಲೋಣ ಎಂದೆ. ಇರುವೆ ಸಾಲು ಹಿಡಿದು ಅವನಿಗೇ ದಾರಿ ತೋರಿಸುತ್ತವೆ ಎಂದಳು. ಹಾಗಾದರೆ ಅವನಿಗೇ ಹೇಳಿಬಿಡು ಎಂದೆ. ಅವ್ವ ನನ್ನ ಮುಖವನ್ನೇ ನೋಡಿದಳು.

"ಹೇಳಿ ಎಲ್ಲಿಗಿ ಹೋಗೂದು, ಗಂಗವಾ? ಹಸಿ ಬಾಣಂತಿ ಕರಕೊಂಡು?"

ಅಕ್ಕನ ಕಿವಿಗೆ ಬಿದ್ದರೆ ಇರುವ ಹಾಲೂ ಒಣಗುತ್ತದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಓಣಿಯ ಕೊನೆಗೆ ಹಸೀನಾಬಿಯ ಮನೆ. ಅವಳ ಗಂಡ ಸಂತೆಯಿಂದ ಸಂತೆಗೆ ಹೋಗಿ ಬಳೆ ಮಾರುತ್ತಿದ್ದ. ಅಂದು ಸಂಜೆ ಅವ್ವ ತನ್ನ ಪೆಟ್ಟಿಗೆಯಿಂದ ತವರವರು ಕೊಟ್ಟಿದ್ದ ಹೊಸ ರೇಶಿಮೆ ಖಣ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅವಳಿಗೆ ಕೊಟ್ಟು ಬಂದಳು. ಎರಡು ದಿನ ಬಿಟ್ಟು ಹಸೀನಾಬಿ ಬಳೆಯ ಬುಟ್ಟಿಯ ಅಡಿಯಲ್ಲಿ ಹುಕ್ಕೇರಿ ಕಡೆಯ ಬೆಲ್ಲ ಇಟ್ಟುಕೊಂಡು ಬಂದಳು. ಬೆಲ್ಲ ಮಾಡುವ ಮನೆಗೆ ಬೆಲ್ಲ ಯಾಕೆಂದು ಅವಳು ಕೇಳಲಿಲ್ಲ, ಅವ್ವ ಹೇಳಲೂ ಇಲ್ಲ. ಆ ಬೆಲ್ಲದಲ್ಲಿ ಅವ್ವ ಉಂಡೆ ಕಟ್ಟಿದಳು. ನೀಲಕ್ಕ ಕಾಕಾನ ಬೆಲ್ಲವೆಂದುಕೊಂಡೇ ತಿಂದಳು.

ಕಾಕಾನ ಬೆಲ್ಲವನ್ನು ಅವ್ವ ತಿಂದಳು.

ನನಗೆ ಹಲ್ಲಿನಲ್ಲಿ ಹುಳ ಬಿದ್ದಿವೆ, ಸಿಹಿ ಕೂಡದು ಎಂದು ಸುಳ್ಳು ಹೇಳಿ ನನ್ನನ್ನು ಬಿಡಿಸಿದಳು. ತಾನು ಮಾತ್ರ ದಿನವೂ ರೊಟ್ಟಿಯ ಜೊತೆ ಒಂದು ಹೆಂಟೆ ಇಟ್ಟುಕೊಂಡು ಕಾಕಾನ ಎದುರಿಗೇ ಕೂತು ತಿನ್ನುತ್ತಿದ್ದಳು. ಅವಳು ಅಗಿಯುತ್ತಿರಲಿಲ್ಲ, ನುಂಗುತ್ತಿದ್ದಳು. ಗಂಟಲ ನರ ಎದ್ದು ನಿಲ್ಲುವುದು ನನ್ನ ಕಡೆಯಿಂದ ಕಾಣುತ್ತಿತ್ತು. ಕಾಕಾನಿಗೆ ಕಂಡದ್ದು ಕರಗುತ್ತಿದ್ದ ಪೆಂಟಿ.

"ಹೆಂಗೈತಿ ವೈನಿ, ಈ ವರ್ಷದ ಬೆಲ್ಲ?"

"ಭಾಳ ಛಲೋ ಆಗೇತಪ್ಪಾ. ಬಾಣಂತಿಗಿಂತ ನನಗ ರುಚಿ ಹತ್ತೇತಿ."

ಅವನು ನಕ್ಕ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆಮೇಲೆ ಅವ್ವ ನನ್ನ ಕಡೆ ತಿರುಗಿ ಎಂದಿನಂತೆ ಕಾಕಾನ ಹೊಟ್ಟೆ ತಣ್ಣಗಿರಲಿ ಎಂದು ಹೇಳಿಸಿದಳು. ಹೇಳಿದೆ. ನನ್ನ ದನಿಯನ್ನು ಕೇಳಿ ನನಗೇ ಹೇಸಿಕೆ ಬಂತು. ಸೋಮವಾರ ಭಜನೆಯವರು ಅಂಗೈಯಲ್ಲಿ ಬೆಲ್ಲ ಹಿಡಿದು ಕಣ್ಣಿಗೊತ್ತಿಕೊಂಡು ತಿಂದರು, ಅವರ ನಡುವೆ ಕೂತು ಕಾಕಾ ಮನಸ್ಸು ತೊಳೆಯುವ ಪದ ಹಾಡಿದ. ಕಂಠ ಮೊದಲಿನಷ್ಟೇ ಚಂದ. ನಾನು ದನದ ಕೊಟ್ಟಿಗೆಗೆ ಹೋಗಿ ಕಿವಿ ಮುಚ್ಚಿಕೊಂಡು ಕೂತೆ. ಸೆಗಣಿ ಗಂಜಲದ ವಾಸನೆಯೇ ಹಿತವೆನಿಸಿತು.

ನೀಲಕ್ಕ ಎದ್ದಳು, ಕೂಸಿಗೆ ಹಾಲು ಬಂತು. ಅವ್ವ ಮಾತ್ರ ಅಲ್ಲಿಂದ ಮುಂದೆ ಹೋಳಿಗೆಯ ಹೂರಣವನ್ನು ಸಹ ಬಾಯಿಗೆ ಹಾಕಲಿಲ್ಲ. ಸಿಹಿ ತಿಂದರೆ ಪಿತ್ತವಾಗುತ್ತದೆ ಎನ್ನುತ್ತಿದ್ದಳು.

ಈಗ ಅವ್ವನೂ ಇಲ್ಲ, ಕಾಕಾನೂ ಇಲ್ಲ. ಎತ್ತಿನ ಗಾಣದ ಜಾಗದಲ್ಲಿ ಎಂಜಿನ್ ಡಬಡಬ ಅನ್ನುತ್ತದೆ. ನನಗೆ ಪ್ರಾಣಪ್ರಿಯವಾಗಿದ್ದ ಹಾಡು ಅಂದೇ ಹೋಯಿತು. ಈಗಲೂ ಯಾರಾದರೂ ಕಣ್ಣು ಮುಚ್ಚಿ ಚೆನ್ನಾಗಿ ಹಾಡಿದರೆ ನಾನು ಅವರ ಕೈಗಳನ್ನು ನೋಡುತ್ತ ಕೂಡುತ್ತೇನೆ. ಇದೆಲ್ಲ ಹೋದದ್ದಕ್ಕೆ ಅಷ್ಟು ಸಂಕಟವಿಲ್ಲ.

ಮೊನ್ನೆ ಮೂಡಲಗಿಗೆ, ನೀಲಕ್ಕನ ಮನೆಗೆ ಹೋಗಿದ್ದೆ. ಅವಳ ಕಿರಿಯ ಸೊಸೆ ಹೆತ್ತಿದ್ದಾಳೆ. ನಾವು ನಾಲ್ಕಾರು ಹೆಂಗಸರು ಸುತ್ತ ಕೂತು ಅಂಟಿನ ಉಂಡೆ ಕಟ್ಟುತ್ತಿದ್ದೆವು. ಎಂಜಿನ್ ಗಾಣದ ಬೆಲ್ಲದಲ್ಲಿ ಕಸುವಿಲ್ಲವೆಂದು ಅಕ್ಕ ಗೊಣಗಿದಳು. ತನ್ನನ್ನು ಸಾವಿನ ಬಾಯಿಂದ ಎಬ್ಬಿಸಿದ್ದು ಕಾಕಾನ ಬೆಲ್ಲ, ಅಂಥ ಜೀವ ಮತ್ತೆ ಹುಟ್ಟುವುದಿಲ್ಲ ಎಂದು ಬೆಲ್ಲ ಮೆತ್ತಿದ ಕೈಗಳನ್ನು ಜೋಡಿಸಿದಳು. ಸೊಸೆಯಂದಿರೂ ಜೋಡಿಸಿದರು.

"ನಮ್ಮವ್ವಂದು ಕೇಳರಿ," ಎಂದು ಅಕ್ಕ ನಗತೊಡಗಿದಳು. "ನನ್ನ ಬಾಣಂತನದ ಬೆಲ್ಲ ನನಗಿಂತ ಹೆಚ್ಚ ಅಕೀನ ತಿಂದ್ಲು. ರೊಟ್ಟಿ ಬಿಟ್ರೂ ಬೆಲ್ಲ ಬಿಡವಾಕಿ ಅಲ್ಲ. ಹೌದಿಲ್ಲೋ ಗಂಗೂ?"

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಎಂದೆ.

ಆ ಮನೆಯಲ್ಲಿ ಅವ್ವನ ನೆನಪು ಈಗ ಅಷ್ಟೇ ಉಳಿದಿದೆ: ಬೆಲ್ಲದ ಆಸೆಬುರುಕಿ.