ಚಹಾದ ಹೊತ್ತಿಗೆ ಇಲ್ಲದವಳು

ಹೋದ ವಾರ ಹುಮನಾಬಾದಿನ ಬಳೆ ಅಂಗಡಿಯಲ್ಲಿ ತಂಗಿಯ ಮಗಳ ಉಗುರುಬಣ್ಣ ಅಳಿಸಲು ಅಂಗಡಿಯಾಕೆ ಸಣ್ಣ ಸೀಸೆಯೊಂದನ್ನು ತೆರೆದಳು. ಅಸಿಟೋನ್, ಪ್ರಯೋಗಾಲಯದಲ್ಲಿ ನಾವು ಗಾಜಿನ ಸಾಮಾನು ತೊಳೆಯುತ್ತಿದ್ದದ್ದು. ವಾಸನೆ ಮೂಗಿಗೆ ಬಡಿದದ್ದೇ ತಡ, ಮೋರಖಂಡಿಯ ಅಕ್ಕ ನೆನಪಾದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಾನು ಬಸವಕಲ್ಯಾಣದ ಹತ್ತಿರದ ಗೋರ್ಟಾದಿಂದ ಎಂ.ಎಸ್ಸಿ. ಓದಲು ವಿಶ್ವವಿದ್ಯಾಲಯಕ್ಕೆ ಹೋದಾಗ ಆಕೆ ಅಲ್ಲೇ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಆಕೆ ಕುರಿ ಕಾಯುವ ಮನೆಯ ಹುಡುಗಿ. ಇಂಗ್ಲಿಷಿನಲ್ಲಿ ಹರಟುವವರನ್ನು ಕಂಡು ನಾನು ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದೆ. "ಯಾಕ ನಿಂತೀದಿ? ಒಳಗ ಬಾ. ಇದೇನು ಯಾರಪ್ಪನ ಮನೀನೂ ಅಲ್ಲ," ಎಂದು ಕೈಹಿಡಿದು ಎಳೆದುಕೊಂಡಳು. ದ್ರವ ಅಳೆಯುವ ಪಿಪೆಟ್ ಹಿಡಿಯುವುದನ್ನೂ ನಮ್ಮ ಮಾತಿನಲ್ಲೇ ಕಲಿಸಿದಳು.

ತೊಗರಿ ಹೊಟ್ಟಿನಿಂದ ಕೊಳಕು ನೀರಿನ ಬಣ್ಣ ತೆಗೆಯುವುದು ಆಕೆಯ ಸಂಶೋಧನೆ. ಅದರ ಅಳತೆಗೆ ದೊಡ್ಡ ಯಂತ್ರ ಬೇಕು, ವಿಭಾಗದಲ್ಲಿದ್ದದ್ದು ಒಂದೇ. ಅದು ಯಾವ ದಿನ ಯಾರಿಗೆ ಎಂಬುದನ್ನು ಮುಖ್ಯಸ್ಥರು ಸಂಜೆ ತಮ್ಮ ಕೋಣೆಯಲ್ಲಿ ಚಹಾ ಕುಡಿಯುತ್ತ ಬಾಯಿಮಾತಿನಲ್ಲೇ ಹಂಚುತ್ತಿದ್ದರು. ಎದುರಿಗಿದ್ದವರಿಗೆ ಸಿಕ್ಕಿತು, ಇಲ್ಲದವರಿಗೆ ಇಲ್ಲ. ಹಾಸ್ಟೆಲಿನಲ್ಲಿ ಜಾಗ ಸಿಗದ ನಾವಿಬ್ಬರೂ ಅಷ್ಟೊತ್ತಿಗೆ ಊರಿಗೆ ಮರಳಲು ಹುಮನಾಬಾದಿನ ಬಸ್ಸಿನಲ್ಲಿರುತ್ತಿದ್ದೆವು. ಅದು ತಪ್ಪಿದರೆ, ಮುಂದೆ ಬಸವಕಲ್ಯಾಣ ತಲುಪುವ ಹೊತ್ತಿಗೆ ಅಲ್ಲಿಂದ ನಮ್ಮ ಹಳ್ಳಿಗಳಿಗೆ ಗಾಡಿಯೇ ಇರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಕೇಳಿದರೆ ಮುಖ್ಯಸ್ಥರು, ನಿನ್ನೆ ಎಲ್ಲಿದ್ದೆಯಮ್ಮ ಎಂದು ನಗುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ ಸಿಟ್ಟು.

ಒಮ್ಮೆ ಅಕ್ಕ ಬಸ್ಸು ಬಿಟ್ಟು ಚಹಾಕ್ಕೆ ಕೂತಳು. ಆ ದಿನ ಯಂತ್ರದ ಮಾತೇ ಬರಲಿಲ್ಲ, ಕ್ರಿಕೆಟ್ ಮಾತಾಡಿ ಎದ್ದರು. ಹೊತ್ತು ಮುಳುಗಿದ ಮೇಲೆ ಆಕೆಯ ಅಪ್ಪ ಹುಮನಾಬಾದಿಗೆ ಬಂದು ಕರೆದೊಯ್ದ. ಇನ್ನೊಮ್ಮೆ ಹೀಗಾದರೆ ಓದು ಬಂದ್ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಪಿಎಚ್.ಡಿ. ಪ್ರಗತಿ ನೋಡುವ ಪರಿಶೀಲನೆ ಸಮಿತಿಯ ಸಭೆ ಹತ್ತಿರ ಬಂದಿತ್ತು. ಅಳತೆಗಳಿಲ್ಲದೆ ಹೋದರೆ ನೋಂದಣಿ ಉಳಿಯುವುದಿಲ್ಲ. ಅಕ್ಕ ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಮುಖ್ಯಸ್ಥರ ಮುಂದೆ ನಿಂತಳು.

"ಸರ, ಚಹಾ ಮಧ್ಯಾಹ್ನ ಕುಡೀರಿ. ನಾ ಇರ್ತೀನ್ರಿ."

ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸರ್ಕಾರಿ ಬಸ್ಸಿನ ವೇಳೆ ನೋಡಿ ವಿಜ್ಞಾನ ನಡೆಸಬೇಕೇ ಎಂದರು ಮುಖ್ಯಸ್ಥರು. ಅಕ್ಕ ಮತ್ತೆ ಕೇಳಲಿಲ್ಲ.

ಸಮಿತಿಯವರು ಅಳತೆಗಳೆಲ್ಲಿ ಎಂದರು, ನೋಂದಣಿ ರದ್ದಾಯಿತು. ಆ ಸಂಜೆ ಬಸ್ಸಿನಲ್ಲಿ ಆಕೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ನಾ ಶಾಣ್ಯಾಕಿ ಇಲ್ಲೇನಾ?" ಎಂದು ಮತ್ತೆ ಮತ್ತೆ ಕೇಳಿದಳು. ಇದ್ದೀ ಅಕ್ಕಾ, ಇದ್ದೀ ಎಂದೆ. ತಾನು ಜಾಣೆಯೆಂದು ನಂಬಲಿಲ್ಲ... ಮದುವೆಯಾಗಿ ಗಡಿ ದಾಟಿ ಮಹಾರಾಷ್ಟ್ರದ ಕಡೆ ಹೋದಳೆಂದು ಆಮೇಲೆ ಕೇಳಿದೆ. ಎಲ್ಲಿದ್ದಾಳೋ, ಹ್ಯಾಗಿದ್ದಾಳೋ. ಹುಡುಕಿ ಸೋತಿದ್ದೇನೆ. ಅಂಥವಳನ್ನು ಕಳಕೊಂಡೆವೆಂದು ಆ ವಿಭಾಗಕ್ಕೆ ಗೊತ್ತೂ ಇಲ್ಲ.

ಈಗ ನಾನು ಬಸವಕಲ್ಯಾಣದಲ್ಲಿ ಪಾಠ ಮಾಡುತ್ತೇನೆ. ನಿನ್ನೆ ನಾರಾಯಣಪುರದ ವಿದ್ಯಾರ್ಥಿನಿಯೊಬ್ಬಳು ಬಂದಳು. ಅದೇ ವಿಭಾಗಕ್ಕೆ ಸೇರಬೇಕೆಂದಿದ್ದಾಳೆ.

"ಮೇಡಂ, ಅಲ್ಲಿ ನಮ್ಮ ಕಡೀದವ್ರು ಯಾರರ ಅದಾರೇನ್ರಿ?"

"ಇದ್ಲವ್ವ. ಒಬ್ಬಾಕಿ ಇದ್ಲು," ಎಂದೆ.

ಹುಡುಗಿಯ ಮುಖ ಅರಳಿತು. ಅವ್ರ ನಂಬರ್ ಕೊಡ್ರಿ ಎಂದು ಮೊಬೈಲ್ ತೆಗೆದಳು.