ಅತ್ತಿಗೆಯ ಮೊಣಕೈ ಎತ್ತರ

ನಮ್ಮದು ಉದ್ದದವರ ಮನೆ. ಅಣ್ಣ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುತ್ತಾನೆ. ಅದನ್ನು ನೋಡಿದ ಹೊಸಬರು ಎಂಥ ವಿನಯವಂತ ಎಂದುಕೊಳ್ಳುತ್ತಾರೆ. ಅವನ ಮಗಳು ಕಾಲೇಜು ಸೇರುವ ಹೊತ್ತಿಗೇ ಅವನ ಕಿವಿ ಮುಟ್ಟಿದ್ದಳು. ನಾನು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವವನು. ಕರಿಹಲಗೆಯ ಮೇಲ್ತುದಿ ಒರೆಸಬೇಕಾದಾಗ ಉಳಿದ ಮೇಷ್ಟ್ರುಗಳು ನನ್ನನ್ನು ಕರೆಯುತ್ತಾರೆ. ವೃತ್ತಿಯಲ್ಲಿ ನನಗೆ ಸಿಕ್ಕಿರುವ ಮನ್ನಣೆ ಅದೊಂದೇ. ಇಂಥ ಮನೆಗೆ ಅತ್ತಿಗೆ ಸೊಸೆಯಾಗಿ ಬಂದರು. ಅವರ ತಲೆ ಅಣ್ಣನ ಅಂಗಿಯ ಜೇಬಿನ ಹತ್ತಿರ ನಿಲ್ಲುತ್ತದೆ. ನಾಲಿಗೆ ಮಾತ್ರ ನಮ್ಮೆಲ್ಲರಿಗಿಂತ ಉದ್ದ.

ಅಡುಗೆಮನೆಯ ಕಟ್ಟೆಯನ್ನು ಅಮ್ಮನ ಎತ್ತರಕ್ಕೆ ಕಟ್ಟಿದ್ದರು. ಅಮ್ಮನೂ ಉದ್ದವೇ. ಹೊಸ ಸೊಸೆ ತುದಿಗಾಲಲ್ಲಿ ನಿಂತು ತರಕಾರಿ ಹೆಚ್ಚುವುದನ್ನು ಅಪ್ಪ ನೋಡಿದರು. ಮರುದಿನವೇ ಕಟ್ಟೆಯ ಉದ್ದಕ್ಕೂ ಬರುವ ಹಾಗೆ ಅರ್ಧ ಅಡಿ ಎತ್ತರದ ಕಾಲ್ಮಣೆಯೊಂದನ್ನು ತಾವೇ ಬಡಿದು ಹಾಕಿದರು. ಅತ್ತಿಗೆಗೆ ಕಣ್ಣು ತುಂಬಿ ಬಂತಂತೆ. ಕಟ್ಟೆಯನ್ನೇ ಕೊಂಚ ಇಳಿಸಬಹುದಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಆಮೇಲೂ ಹೊಳೆಯಲಿಲ್ಲ. ಅಪ್ಪ ಹೋದರು, ಅಮ್ಮ ಹೋದರು. ಕಾಲ್ಮಣೆ ನೆಲದ ಬಣ್ಣಕ್ಕೆ ತಿರುಗಿ ನೆಲವೇ ಆಗಿಹೋಯಿತು. ಅದು ಅಲ್ಲಿದೆ ಎಂಬುದು ಎಡವಿದಾಗ ಮಾತ್ರ ನಮಗೆ ನೆನಪಾಗುತ್ತಿತ್ತು.

ಕಳೆದ ವರ್ಷ ಅತ್ತಿಗೆ ಅದರ ಮೇಲೆ ನಿಂತು ಅಟ್ಟದ ಡಬ್ಬಕ್ಕೆ ಕೈಚಾಚಿದರು, ಅಂಚಿನಿಂದ ಜಾರಿದರು, ಬಲಭುಜದ ಮೇಲೆ ಬಿದ್ದರು. ತಿಂಗಳುಗಟ್ಟಲೆ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಇನ್ನು ಮೇಲೆ ಆ ಕೈ ಭುಜಕ್ಕಿಂತ ಮೇಲೆ ಹೋಗಕೂಡದು, ಹತ್ತಿ ಇಳಿಯುವ ಕೆಲಸ ಯಾವುದೂ ಬೇಡ, ಇನ್ನೊಮ್ಮೆ ಬಿದ್ದರೆ ತೋಳಿನ ಆಸೆ ಬಿಡಬೇಕಾದೀತು.

"ಸರಿ ಹಾಗಾದ್ರೆ, ಅಡುಗೆಯವರನ್ನ ಇಡೋಣ," ಎಂದ ಅಣ್ಣ.

"ಯಾಕೆ, ನಾನು ಸತ್ತೆನಾ?"

"ಸಾಯಬಾರದು ಅಂತಲೇ ಹೇಳ್ತಿರೋದು ಮಾರಾಯ್ತಿ."

"ಅಡುಗೆಮನೆ ನನ್ನ ಅಳತೆಗೆ ಮಾಡಿಸಿಕೊಡಿ. ಆಗ ಹತ್ತೋದೂ ಇಲ್ಲ, ಬೀಳೋದೂ ಇಲ್ಲ."

ಅಣ್ಣ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು ಕೊನೆಗೆ ಒಪ್ಪಿದ. ಒಪ್ಪಿಗೆಗೆ ಒಂದು ಬಾಲ ಇತ್ತು. "ಒಂದೇ ಸಲ. ಸರಿಹೋಗಲಿಲ್ಲ ಅಂದ್ರೆ ಮತ್ತೆ ಒಡೆಯೋದು ಕಟ್ಟೋದು ಇಲ್ಲ. ನೀನು ಒಲೆ ಬಿಟ್ಟುಕೊಡಬೇಕು."

"ಬಿಡ್ತೀನಿ," ಎಂದರು ಅತ್ತಿಗೆ. ಆ ಒಂದು ಮಾತನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಅಣ್ಣನ ಮಗಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿ ನೋಡಿದಳು. ತನ್ನ ಅಮ್ಮ ಗಟ್ಟಿಯಾಗಿ ಬೈಯುವುದಕ್ಕೆ ಅವಳು ಹೆದರುವವಳಲ್ಲ. ಇದಕ್ಕೆ ಹೆದರಿದಳು.

ನಕ್ಷೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಚಿತ್ರಕಲೆಯವನೆಂದರೆ ಸೇತುವೆಯನ್ನೂ ಬರೆದುಕೊಟ್ಟಾನು ಎಂಬ ನಂಬಿಕೆ ನಮ್ಮ ಮನೆಯಲ್ಲಿದೆ. ಆ ಅಡುಗೆಮನೆಯೋ, ಮೂಲೆಗಳದೇ ಒಂದು ಸಂತೆ. ಒಂದು ಕಡೆ ಮಹಡಿ ಮೆಟ್ಟಿಲು ಮೇಲಿಂದ ಇಳಿದು ಬಂದು ಚಾವಣಿ ಓರೆಯಾಗಿದೆ. ಅಲ್ಲಿ ಅತ್ತಿಗೆ ಮಾತ್ರ ನೆಟ್ಟಗೆ ನಿಲ್ಲಬಲ್ಲರು. ಇನ್ನೊಂದು ಕಡೆ ಗೋಡೆಯಿಂದ ಕಂಬವೊಂದು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ. ಕಟ್ಟೆ ತಿರುಗುವಲ್ಲಿ ಕೆಳಗೊಂದು ಕತ್ತಲೆ ಮೂಲೆ. ಅದರೊಳಗೆ ಹೋದ ಪಾತ್ರೆ ಮತ್ತೆ ಹೊರಗೆ ಬರಬೇಕಾದರೆ ಯಾರಾದರೂ ನೆಲದ ಮೇಲೆ ಬೋರಲಾಗಿ ಮಲಗಬೇಕು. ನಾನು ಎಲ್ಲವನ್ನೂ ಬರೆದೆ. ನಲ್ಲಿಯ ಕೆಳಗೆ ನೆರಳನ್ನೂ ಹಾಕಿದೆ. ಕೆಲಸಕ್ಕೆ ಗೊತ್ತು ಮಾಡಿದ್ದ ಮೇಸ್ತ್ರಿ ಹಾಳೆಯನ್ನು ಹೀಗೆ ಹಿಡಿದು, ಹಾಗೆ ಹಿಡಿದು, "ಚೆನ್ನಾಗಿದೆ ಸಾರ್, ಚೌಕಟ್ಟು ಹಾಕಿಸಿ," ಎಂದು ವಾಪಸು ಕೊಟ್ಟ.

ಅತ್ತಿಗೆ ಕಾಗದ ನಂಬುವವರಲ್ಲ. ಅಡುಗೆಮನೆಯಲ್ಲಿದ್ದ ಸಮಸ್ತವನ್ನೂ ನಮ್ಮ ಕೈಲಿ ಹೊರಿಸಿ ನಡುಮನೆಯಲ್ಲಿ ಹರಡಿದರು. ದಿನಾ ಬೇಕಾಗುವುದು ಕಿಟಕಿಯ ಕಡೆ, ವಾರಕ್ಕೊಮ್ಮೆ ಬೇಕಾಗುವುದು ನಡುವೆ, ನೆಂಟರು ಬಂದರೆ ಮಾತ್ರ ಬೇಕಾಗುವುದು ಬಾಗಿಲ ಕಡೆ. ನಾವು ವಾರಗಟ್ಟಲೆ ಪಾತ್ರೆಗಳ ಓಣಿಯಲ್ಲಿ ಕೊಕ್ಕರೆಗಳ ಹಾಗೆ ಕಾಲೆತ್ತಿ ಓಡಾಡಿದೆವು.

"ಮೇಲೆ ಅಷ್ಟು ಗೋಡೆ ಖಾಲಿ ಬಿದ್ದಿದೆಯಲ್ಲೇ," ಎಂದ ಅಣ್ಣ. "ಸಾಲಾಗಿ ಕಪಾಟು ಹೊಡೆಸಿದ್ರೆ ಎಲ್ಲಾ ಹಿಡಿಯುತ್ತೆ."

"ಹಿಡಿಯುತ್ತೆ. ತೆಗೆಯೋರು ಯಾರು? ನೀವು ಆಫೀಸಿಂದ ಬರೋವರೆಗೂ ಉಪ್ಪಿಲ್ಲದೆ ಕೂತಿರ್ಲಾ?"

"ಹಾಗಾದ್ರೆ ಇಷ್ಟೊಂದು ಸಾಮಾನು ಸೊಂಟದ ಕೆಳಗೆ ಹೇಗೆ ತುರುಕ್ತೀಯ, ಹೇಳು."

ಅತ್ತಿಗೆ ಹೇಳಿದರು. ಓರೆ ಚಾವಣಿಯ ಕೆಳಗೆ ಬೇಳೆ ಕಾಳಿನ ಡಬ್ಬಗಳಿಗೆ ಎಳೆಯುವ ಖಾನೆ. ಕಂಬದ ಪಕ್ಕದ ಸಂದಿಯಲ್ಲಿ ತಟ್ಟೆ, ಮುಚ್ಚಳ ನಿಲ್ಲಿಸುವ ಗೂಡು. ಕತ್ತಲೆ ಮೂಲೆಯ ಬೆನ್ನು ನಡುಮನೆಯ ಗೋಡೆಗೆ ಬರುತ್ತದಲ್ಲ, ಆ ಗೋಡೆ ಕೊರೆದು ನಡುಮನೆಯ ಕಡೆಯಿಂದಲೇ ಬಾಗಿಲು. ನೆಂಟರ ಪಾತ್ರೆಗಳೆಲ್ಲ ಅಲ್ಲಿಗೆ, ಮಲಗುವ ಗೋಜಿಲ್ಲ. ಅಣ್ಣ ಗೋಡೆಯ ಈ ಕಡೆ ನೋಡಿದ, ಆ ಕಡೆ ಹೋಗಿ ನೋಡಿದ. ತಪ್ಪು ಹುಡುಕುತ್ತಿದ್ದ, ಸಿಗಲಿಲ್ಲ.

ಉಳಿದದ್ದು ಕಟ್ಟೆಯ ಎತ್ತರ. ಮೇಸ್ತ್ರಿಯ ಪದ್ಧತಿ ಸರಳ: ಅಡುಗೆ ಮಾಡುವವರನ್ನು ಕಟ್ಟೆಯ ಮುಂದೆ ನಿಲ್ಲಿಸಿ ಮೊಣಕೈ ಮಡಿಸಲು ಹೇಳುವುದು, ನೆಲದಿಂದ ಮೊಣಕೈವರೆಗೆ ಅಳೆಯುವುದು, ಅದರಲ್ಲಿ ಅರ್ಧ ಗೇಣು ಕಳೆಯುವುದು. ಅತ್ತಿಗೆ ತಮ್ಮ ಜಾಗದಲ್ಲಿ ಹೋಗಿ ನಿಂತರು. ಟೇಪಿನ ಮೇಲ್ತುದಿ ಮೇಸ್ತ್ರಿಯ ಕೈಯಲ್ಲಿ, ಕೆಳತುದಿ ನನ್ನ ಕೈಯಲ್ಲಿ. ಅಳತೆ ಎಂದರೆ ನಿಖರವಾಗಿರಬೇಕು ಎಂದು ಮಕ್ಕಳಿಗೆ ಪಾಠ ಹೇಳುವ ನಾನು ಟೇಪನ್ನು ನೆಲಕ್ಕೆ ಅವುಚಿ ಹಿಡಿದೆ.

"ಹಳೇ ಕಟ್ಟೆಗಿಂತ ಎರಡು ಇಂಚು ತಗ್ಗು ಬರುತ್ತೆ," ಎಂದ ಮೇಸ್ತ್ರಿ.

"ನೋಡು, ಎರಡೇ ಇಂಚಿಗೆ ಇಷ್ಟು ವರ್ಷ ಗೋಳಾಡಿದ್ದು," ಎಂದ ಅಣ್ಣ. ಎಲ್ಲರೂ ನಕ್ಕೆವು. ಅತ್ತಿಗೆಯೂ ನಕ್ಕರು.

ಕೆಲಸ ಶುರುವಾಯಿತು. ಹಳೇ ಕಟ್ಟೆ ಒಡೆದರು, ಕಾಲ್ಮಣೆಯನ್ನು ಹಿತ್ತಿಲಿಗೆ ಎಸೆದರು. ಧೂಳಿಗೆ ಕೆಮ್ಮುತ್ತಿದ್ದ ಅತ್ತಿಗೆ ಹಿಂದಿನ ಜಗಲಿಯಲ್ಲಿ ಗಿಡ್ಡ ಮೇಜಿನ ಮೇಲೆ ಒಲೆ ಇಟ್ಟುಕೊಂಡು ಅಡುಗೆ ಸಾಗಿಸಿದರು. ಆಸರೆ ಕಲ್ಲುಗಳು ನಿಂತವು, ಕೆಳಗಿನ ಕಪಾಟುಗಳ ಚೌಕಟ್ಟು ಬಂತು. ಒಂದು ಮಧ್ಯಾಹ್ನ ಮೇಸ್ತ್ರಿ ಮತ್ತು ಅವನ ಇಬ್ಬರು ಆಳುಗಳು ಕಪ್ಪು ಕಲ್ಲಿನ ಉದ್ದನೆಯ ಚಪ್ಪಡಿಯನ್ನು ಹೊತ್ತು ತಂದು, ಆಸರೆಗಳ ಮೇಲೆ ಸಿಮೆಂಟು ಹಚ್ಚಿ, ಉಸಿರು ಬಿಗಿಹಿಡಿದು ಕೂರಿಸಿದರು.

"ಬನ್ನಿ ಅಮ್ಮಾ, ನಿಂತು ನೋಡಿ," ಎಂದು ಮೇಸ್ತ್ರಿ ಕರೆದ.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಕಲ್ಲು ಅವರ ಎದೆಗೆ ಬಂತು. ಹೆಚ್ಚುವವರಂತೆ ಕೈ ಎತ್ತಿ ನೋಡಿದರು. ಮೊಣಕೈ ರೆಕ್ಕೆಯ ಹಾಗೆ ಹೊರಗೆ ಚಾಚಿತು, ಬಲಭುಜ ಕಿವಿಯ ಹತ್ತಿರ ಹೋಯಿತು, ಮುಖ ಕಿವುಚಿತು.

"ಇದೇನೋ ಇದು?" ಎಂದರು. ಕೇಳಿದ್ದು ನನ್ನನ್ನು.

ಮೇಸ್ತ್ರಿ ಟೇಪು ಹಿಡಿದ. ಅವನ ಲೆಕ್ಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಸರಿಯಾಗೇ ಇದೆಯಲ್ಲ! ಅಮ್ಮ ಕುಳ್ಳಗಾದ್ರಾ?"

ಅಣ್ಣನ ಮಗಳು ತನ್ನ ಅಮ್ಮನ ಪಾದಗಳನ್ನು ನೋಡುತ್ತಿದ್ದಳು. "ಚಿಕ್ಕಪ್ಪ," ಎಂದಳು ನಿಧಾನವಾಗಿ, "ಅವತ್ತು ಅಮ್ಮ ನಿಂತಿದ್ದು ಕಾಲ್ಮಣೆ ಮೇಲೆ. ನೀನು ಟೇಪು ಹಿಡಿದಿದ್ದು ಎಲ್ಲಿ?"

ಅತ್ತಿಗೆ ಅದರ ಮೇಲೆ ಹತ್ತಿದ್ದು ಅತ್ತಿಗೆಗೇ ಗೊತ್ತಾಗಿರಲಿಲ್ಲ. ಅಷ್ಟು ವರ್ಷ ಅವರ ಪಾಲಿಗೆ ಅಡುಗೆಮನೆಯ ನೆಲ ಎಂದರೆ ಅದೇ. ನಾನೋ ಅದರ ಪಕ್ಕದಲ್ಲೇ ಮಂಡಿಯೂರಿ ಕೂತು, ಅದರ ಬದಿಗೇ ಟೇಪು ಒರಗಿಸಿ, ನಿಖರವಾಗಿ, ಬಹಳ ನಿಖರವಾಗಿ, ಅದರ ಕೆಳಗಿನ ನೆಲ ಮುಟ್ಟಿಸಿದ್ದೆ.

"ಹೋಗಲಿ ಬಿಡು," ಎಂದ ಅಣ್ಣ. "ಆ ಕಾಲ್ಮಣೆ ಹಿತ್ತಿಲಲ್ಲೇ ಇದೆ. ತೊಳೆದು ಹಾಕಿದ್ರಾಯ್ತು."

"ಅಪ್ಪಾ, ಡಾಕ್ಟರು ಹತ್ತಬಾರದು ಅಂದಿದ್ದಾರೆ!"

"ಹಾಗಾದ್ರೆ ನಾನೇನಮ್ಮ ಮಾಡ್ಲಿ? ಒಂದೇ ಸಲ ಅಂತ ಮೊದಲೇ ಹೇಳಿದ್ದೆ." ಅವನ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ಅತ್ತಿಗೆ ಅವನ ಕಡೆ ನೋಡಲಿಲ್ಲ. "ಮೇಸ್ತ್ರಿ, ಸಿಮೆಂಟು ಹಿಡಿದುಬಿಡ್ತಾ?"

"ಇನ್ನೂ ಹಸಿ ಇದೆ. ಈಗಲೇ ಎತ್ತಿದ್ರೆ ಎತ್ತಬಹುದು. ಆಸರೆ ಕೊಯ್ದು ತಗ್ಗಿಸಿ ಮತ್ತೆ ಕೂರಿಸಬಹುದು. ಆದರೆ ಅಮ್ಮಾ..." ಅವನು ಸಿಂಕಿಗಾಗಿ ಕೊರೆದಿದ್ದ ದೊಡ್ಡ ತೂತನ್ನು ತೋರಿಸಿದ. ಅದರ ಮುಂದೆ ಉಳಿದಿದ್ದ ಕಲ್ಲಿನ ಪಟ್ಟಿ ಅಂಗೈ ಅಗಲದ್ದು. "ಕೂರಿಸುವಾಗಲೇ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಎತ್ತುವಾಗ ಒಂದು ಕಡೆ ಜಗ್ಗಿದ್ರೂ ಇಲ್ಲಿ ಟಕ್ ಅನ್ನುತ್ತೆ. ಒಡೆದ್ರೆ ಇಡೀ ಕಲ್ಲು ಹೋಯ್ತು. ಆಮೇಲೆ ನನ್ನ ಬೈಬೇಡಿ."

"ಒಡೆದ್ರೆ ಇನ್ನೊಂದು ಕಲ್ಲು ನಾನು ತರೋದಿಲ್ಲ," ಎಂದ ಅಣ್ಣ. "ಈಗ್ಲೇ ಹೇಳಿದ್ದೀನಿ. ಹೀಗೇ ಬಿಟ್ರೆ ಕಟ್ಟೆ ಅಂತ ಒಂದಾದ್ರೂ ಇರುತ್ತೆ."

"ಯಾರಿಗೆ ಇರುತ್ತೆ?"

ಅತ್ತಿಗೆ ಆ ಪಟ್ಟಿಯ ಮೇಲೆ ಬೆರಳಾಡಿಸಿದರು. ಹಿಂದಿನ ಜಗಲಿಯಲ್ಲಿ ಕುಕ್ಕರು ಒಂದು ಸಲ ಕೂಗಿತು.

"ಎತ್ತಿ," ಎಂದರು.

ಮೇಸ್ತ್ರಿ ಹೊಸ ಕಪಾಟಿನ ಬಾಗಿಲೊಂದನ್ನು ತಂದು, ಪಟ್ಟಿಯ ಕೆಳಗೆ ಕೊಟ್ಟು ಹಗ್ಗದಿಂದ ಬಿಗಿದ. ಮೂಲೆಗೆ ಒಬ್ಬ ಆಳು, ಕಂಬದ ಕಡೆಗೆ ಇನ್ನೊಬ್ಬ, ಸಿಂಕಿನ ಒಂದು ಬದಿಗೆ ತಾನು. ಇನ್ನೊಂದು ಬದಿಗೆ ಜನ ಬೇಕಿತ್ತು. ನಾನು ಮುಂದೆ ಬಂದೆ. ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ನಡುವೆ ಹಿಡೀರಿ ಸಾರ್, ಅಲ್ಲಿ ಭಾರ ಕಮ್ಮಿ," ಎಂದ. ನಾನು ಹಿಡಿಯಬೇಕಾಗಿದ್ದ ಬದಿ ಖಾಲಿಯೇ ಉಳಿಯಿತು.

ಅಣ್ಣ ಅಂಗಿಯ ತೋಳು ಮಡಿಸುತ್ತಿದ್ದ. ಬಂದು ಆ ಬದಿಗೆ ನಿಂತ.

"ಎಲ್ಲರೂ ಒಟ್ಟಿಗೆ. ಒಬ್ಬರು ಮುಂದೆ ಹೋಗಬಾರದು, ಒಬ್ಬರು ಹಿಂದೆ ಬೀಳಬಾರದು. ಅಮ್ಮಾ, ನೀವು ಪಟ್ಟಿ ನೋಡ್ಕೊಳ್ಳಿ."

ಕಲ್ಲು ಮೊದಲು ಅಲ್ಲಾಡಲಿಲ್ಲ. ಹಸಿ ಸಿಮೆಂಟು ಅದನ್ನು ಕಚ್ಚಿಕೊಂಡಿತ್ತು. ಮೇಸ್ತ್ರಿ ಸಂದಿಯಲ್ಲಿ ಸಿಮೆಂಟು ಹಚ್ಚುವ ಕರಣೆ ಆಡಿಸಿದ. ಚಪ್ಪಡಿ ಚಪ್ ಎಂದು ಬಿಟ್ಟುಕೊಂಡಿತು, ಭಾರವೆಲ್ಲ ಒಮ್ಮೆಲೇ ಕೈಗೆ ಬಂತು, ಅದೇ ಗಳಿಗೆಯಲ್ಲಿ ಎಲ್ಲೋ ಕಟಕ್ ಎಂದಿತು.

"ನಿಲ್ಲಿ!"

ನಿಂತೆವು. ಅಣ್ಣನ ಹಣೆಯ ನರ ಉಬ್ಬಿತ್ತು. ಅತ್ತಿಗೆ ಬಗ್ಗಿ, ಪಟ್ಟಿಯ ಕೆಳಗೆ ಎಡಗೈ ತೂರಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ಸವರಿಕೊಂಡು ಹೋದರು. ನಿಧಾನ. ಎಷ್ಟು ನಿಧಾನವೆಂದರೆ, ಜಗಲಿಯ ಕುಕ್ಕರು ಎರಡು ಸಲ ಕೂಗಿ ಮುಗಿಸಿತು.

"ಬೇಗ ಹೇಳೇ," ಎಂದ ಅಣ್ಣ, ಹಲ್ಲು ಕಚ್ಚಿಕೊಂಡು.

"ಸುಮ್ನಿರಿ. ಕಲ್ಲಲ್ಲ. ಬಾಗಿಲ ಹಲಗೆ ಸೀಳಿದೆ. ಎತ್ತಿ."

ಎತ್ತಿದೆವು. ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಅಣ್ಣ ಅಲ್ಲೇ ನೆಲದ ಮೇಲೆ, ಧೂಳಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೂತುಬಿಟ್ಟ.

ಈ ಸಲ ಅತ್ತಿಗೆ ಬರಿಗಾಲಲ್ಲಿ ಬರಿ ನೆಲದ ಮೇಲೆ ನಿಂತರು. ಅಣ್ಣನ ಮಗಳು ಟೇಪಿನ ಕೆಳತುದಿ ಹಿಡಿದಳು. ನನಗೆ ಟಾರ್ಚ್ ಹಿಡಿಯುವ ಕೆಲಸ ಸಿಕ್ಕಿತು, ಹಗಲಿನಲ್ಲಿ. ಮೇಸ್ತ್ರಿ ಆಸರೆಗಳನ್ನು ಕೊಯ್ದ. ಮನೆಯೆಲ್ಲ ಬಿಳಿ ಹೊಗೆಯಾಯಿತು. ಕಪಾಟಿನ ಚೌಕಟ್ಟುಗಳನ್ನು ಎಳೆದು ಬುಡ ಕತ್ತರಿಸಿದರು. ಎಲ್ಲ ಮುಗಿದು ಕಲ್ಲನ್ನು ಮತ್ತೆ ಇಳಿಸುವಾಗ ನಾವು ಯಾರೂ ಉಸಿರಾಡಿದ ನೆನಪಿಲ್ಲ. ಕಂಬದ ಹತ್ತಿರ ಉಗುರಿನಷ್ಟು ಚಕ್ಕೆ ಹಾರಿತು. ಪಟ್ಟಿ ಉಳಿಯಿತು.

"ಎರಡು ದಿನ ಇದರ ಮೇಲೆ ಏನೂ ಇಡಬೇಡಿ," ಎಂದ ಮೇಸ್ತ್ರಿ.

ಅತ್ತಿಗೆ ಏನೂ ಇಡಲಿಲ್ಲ. ಎರಡು ಅಂಗೈಗಳನ್ನು ಕಲ್ಲಿಗೆ ತಾಕಿಸಿಯೂ ತಾಕಿಸದ ಹಾಗೆ ಹಿಡಿದು ನಿಂತರು. ಅವರ ಭುಜಗಳು ಮೆಲ್ಲಗೆ ಕೆಳಗಿಳಿದವು. ಕಾಲ್ಮಣೆಯ ಮೇಲೂ ಅವರು ಇಷ್ಟು ವರ್ಷ ಭುಜ ಎತ್ತಿಕೊಂಡೇ ದುಡಿದಿದ್ದರು. ಅವರ ನಿಲುವೇ ಹಾಗೆ ಎಂದು ನಾವು ತಿಳಿದಿದ್ದೆವು.

"ಸರಿಯಾಯ್ತಾ ಅಮ್ಮಾ?" ಎಂದು ಮಗಳು ಕೇಳಿದಳು.

"ಹೂಂ," ಎಂದರು. ಅಷ್ಟೇ.

ಅಣ್ಣ ಎದ್ದು ಪ್ಯಾಂಟು ಕೊಡವಿಕೊಂಡ. ಕಟ್ಟೆಯ ಪಕ್ಕ ನಿಂತು ನೋಡಿದ. ಕಲ್ಲು ಅವನ ತೊಡೆಗೆ ಬರುತ್ತಿತ್ತು. ನಡುಮನೆಗೆ ಹೋಗಿ, ಕಿಟಕಿಯ ಕಡೆಯ ಗುಂಪಿನಿಂದ ಒಂದು ಬಾಣಲೆ ಎತ್ತಿಕೊಂಡು ಬಂದ.

"ಮೇಲೆ ತಾನೇ ಇಡಬಾರದು? ಕೆಳಗಿನ ಕಪಾಟಿಗೆ ಇಡಬಹುದಲ್ಲ. ಇದು ಎಲ್ಲಿಗೆ?"

"ಸೊಂಟದ ಹತ್ರ ಕೈಗೆ ಸಿಗೋ ಹಾಗೆ."

ಅಣ್ಣ ಖಾನೆಗಳನ್ನು ಒಂದೊಂದಾಗಿ ನೋಡುತ್ತ, ಬಾಣಲೆಯನ್ನು ತನ್ನ ಸೊಂಟಕ್ಕೆ ಹಿಡಿದು ಅಂದಾಜು ಮಾಡತೊಡಗಿದ.

"ನಿಮ್ಮ ಸೊಂಟ ಅಲ್ಲಾರೀ," ಎಂದರು ಅತ್ತಿಗೆ. "ನನ್ನದು."